ಬೀಜದೊಳಗಿನ ಕಾವಲು



ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಎಂದೊಡನೆ ನಿಮಗೆ ನೆನಪಾಗುವುದು ಶೇಂಗಾ ಹೊಲ, ಭತ್ತದ ಗದ್ದೆಯಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಕೆರೆಯೋ ಕೊಳವೆಬಾವಿಯೋ ಕೈಹಿಡಿದರೆ ಮಾತ್ರ ಇಲ್ಲಿ ಭತ್ತ. ಆದರೆ ಊರ ಬಳಿಯ ವೇದಾವತಿಯ ಜೊತೆ ಮುಂದೆ ಸಾಗಿ. ಆಂಧ್ರದ ಭೈರವಾನಿತಿಪ್ಪ ಜಲಾಶಯವನ್ನು ದಾಟಿ, ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಜಿಲ್ಲೆಗೆ ಬಂದು, ಅದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ಕಾಲುವೆಯ ಕೆಳಗಿನ ಆ ಬಯಲಿಗೂ ಕೆರೆಯ ಕೆಳಗಿನ ತುಂಡು ಗದ್ದೆಗೂ ಬರಬಲ್ಲ ಒಂದು ರೋಗವನ್ನು ಕುರಿತು ಇಂದು ತಿಳಿಯೋಣ. ಅದೇ ದುಂಡಾಣು ಎಲೆ ಅಂಗಮಾರಿ ರೋಗ.

ಈ ರೋಗ ತಗುಲಿದ ಎಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಅಂಚಿನಲ್ಲಿ ಅಲೆಅಲೆಯಾದ ಹಳದಿ ಪಟ್ಟಿ ಮೂಡಿ ಕೆಳಗಿಳಿಯುತ್ತದೆ. ಮುಂಜಾನೆ ನೋಡಿದರೆ ಅದರ ಮೇಲೆ ಹಳದಿ ಅಂಟಿನ ಸಣ್ಣ ಹನಿಗಳು ಕಾಣಬಹುದು. ಆ ಒಂದೊಂದು ಹನಿಯಲ್ಲೂ ಲೆಕ್ಕವಿಲ್ಲದಷ್ಟು ದುಂಡಾಣುಗಳಿವೆ! ಕ್ಸಾಂಥೋಮೊನಾಸ್ ಒರೈಜೆ ಎಂಬುದು ಅವುಗಳ ಹೆಸರು. ಎಲೆಯಂಚಿನ ಸೂಕ್ಷ್ಮ ರಂಧ್ರಗಳಿಂದಲೋ ಗಾಯಗಳಿಂದಲೋ ಒಳನುಗ್ಗಿ, ನೀರು ಸಾಗಿಸುವ ನಾಳಗಳಲ್ಲಿ ಅವು ಬೀಡುಬಿಡುತ್ತವೆ. ಜಪಾನಿನ ರೈತರು 1884ರಲ್ಲೇ ಈ ರೋಗವನ್ನು ಗುರುತಿಸಿದ್ದರು. ತೀವ್ರವಾದರೆ ಅರ್ಧದಷ್ಟು ಫಸಲು ಹೋದೀತು.

ಎಲೆ ಒಣಗಿತೆಂದು ಗಾಬರಿಯಾದ ರೈತ ಸಾಲ ಮಾಡಿ ಶಿಲೀಂಧ್ರನಾಶಕ ತರುತ್ತಾನೆ. ಇದು ಶಿಲೀಂಧ್ರವೇ ಅಲ್ಲವಾದ್ದರಿಂದ ಹಣವೂ ಹೋಯಿತು, ಪೈರೂ ಹೋಯಿತು. ಪ್ರತಿಜೀವಕ ಸಿಂಪಡಿಸಿದರೂ ನಾಳದೊಳಗೆ ಅಡಗಿದ ಶತ್ರುವಿನ ಮೇಲೆ ನಂಬಬಹುದಾದ ಫಲವಿಲ್ಲ. ಹಾಗಾದರೆ ಉಪಾಯವೇನು? ಕಾವಲುಗಾರ ಹೊರಗಲ್ಲ, ಬೀಜದೊಳಗೇ ಇರಬೇಕು.

ಅಂಥ ಕಾವಲುಗಾರರು ನಿಸರ್ಗದಲ್ಲಿದ್ದಾರೆ. ಆಫ್ರಿಕಾದ ಮಾಲಿ ದೇಶದ ಒಂದು ಕಾಡುಭತ್ತ ಈ ರೋಗಕ್ಕೆ ಜಗ್ಗುವುದಿಲ್ಲ. ಅದರ ನಿರೋಧಕ ಗುಣವನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗುರುದೇವ್ ಸಿಂಗ್ ಖುಷ್ ಮತ್ತು ಸಂಗಡಿಗರು ನಾಟಿ ಭತ್ತಕ್ಕೆ ತಂದರು. ಆ ವಂಶವಾಹಿಗೆ ಎಕ್ಸ್‌ಎ-21 ಎಂದು ಹೆಸರು. 1995ರಲ್ಲಿ ಅಮೆರಿಕದ ಪಮೇಲಾ ರೊನಾಲ್ಡ್ ಅವರ ತಂಡ ಅದನ್ನು ಬೇರ್ಪಡಿಸಿ ಅದರ ಸ್ವರೂಪವನ್ನು ತಿಳಿಸಿತು. ಇದು ಜೀವಕೋಶದ ಬಾಗಿಲಲ್ಲಿ ನಿಂತು, ದುಂಡಾಣುವಿನ ಗುರುತು ಹಿಡಿದು ಕೂಗಿ ಎಚ್ಚರಿಸುವ ಕಾವಲುಗಾರ.

ಎಕ್ಸ್‌ಎ-13ರ ರೀತಿಯೇ ಬೇರೆ. ಸಾಮಾನ್ಯ ಭತ್ತದಲ್ಲಿ ಕೋಶದ ಸಕ್ಕರೆಯನ್ನು ಹೊರಬಿಡುವ ಒಂದು ವಂಶವಾಹಿಯಿದೆ. ಕಳ್ಳ ದುಂಡಾಣು ಅದರ ಸ್ವಿಚ್ಚನ್ನು ತಾನೇ ಒತ್ತಿ ಸಕ್ಕರೆ ಸುರಿಸಿಕೊಳ್ಳುತ್ತದೆ. ಎಕ್ಸ್‌ಎ-13 ಇರುವ ಗಿಡದಲ್ಲಿ ಆ ಸ್ವಿಚ್ಚಿನ ಆಕಾರವೇ ಬದಲಾಗಿದೆ. ಒತ್ತಿದರೆ ಕೈಗೆ ಹತ್ತದು. ಎಕ್ಸ್‌ಎ-5 ಕೂಡ ಹೀಗೆಯೇ ದುಂಡಾಣುವಿಗೆ ಬೇಕಾದ ನೆರವನ್ನು ತಪ್ಪಿಸುತ್ತದೆ. ಮೆಂಡೆಲನ ಬಟಾಣಿ ನೆನಪಿದೆಯಲ್ಲವೆ? ಎಕ್ಸ್‌ಎ-21 ಪ್ರಬಲ ಗುಣ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು. ಉಳಿದೆರಡೂ ದುರ್ಬಲ ಗುಣಗಳು, ಇಬ್ಬರಿಂದಲೂ ಬರಬೇಕು.

ಮೂರೇಕೆ, ಒಂದು ಸಾಲದೆ? ಸಾಲದು. ಎಕ್ಸ್‌ಎ-4 ಒಂದನ್ನೇ ನೆಚ್ಚಿದ ತಳಿಗಳು ಏಷ್ಯಾದ ಹಲವೆಡೆ ಕಾಲಕ್ರಮದಲ್ಲಿ ಸೋತವು. ದುಂಡಾಣುವೂ ಬದಲಾಗುತ್ತದೆ. ಒಂದು ಬೀಗಕ್ಕೆ ಕಳ್ಳಕೀಲಿ ಸಿಕ್ಕೀತು. ಮೂರು ಬೀಗಗಳಿಗೆ ಒಟ್ಟಿಗೇ ಸಿಗುವುದು ಕಷ್ಟ.

ನಮ್ಮಲ್ಲಿ ಸೋನಾ ಮಸೂರಿ ಎಂದು ಮಾರಾಟವಾಗುವ ಅಕ್ಕಿಯಲ್ಲಿ ಬಹುಪಾಲು ಬಿಪಿಟಿ-5204, ಅಂದರೆ ಸಾಂಬಾ ಮಸೂರಿ. ತುಂಗಭದ್ರಾ ಅಚ್ಚುಕಟ್ಟಿನ ರೈತರ ಅಚ್ಚುಮೆಚ್ಚಿನ ತಳಿ; ಆದರೆ ಈ ರೋಗಕ್ಕೆ ಸುಲಭದ ತುತ್ತು. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಹಾಗೂ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರಗಳು ಸೇರಿ ಮೂರೂ ವಂಶವಾಹಿಗಳನ್ನು ಇದಕ್ಕೆ ಕೂಡಿಸಿದವು. ನಿರೋಧಕ ತಳಿಯೊಡನೆ ಸಂಕರಿಸಿ, ಬಂದ ಸಂತತಿಯನ್ನು ಮತ್ತೆ ಮತ್ತೆ ಸಾಂಬಾ ಮಸೂರಿಯೊಡನೆಯೇ ಕೂಡಿಸಿ, ಪ್ರತಿ ಪೀಳಿಗೆಯಲ್ಲೂ ಡಿಎನ್‌ಎ ಗುರುತುಗಳಿಂದ ಸಸಿಗಳನ್ನು ಆರಿಸಿದರು. ಒಂದು ಕಾವಲಿರುವ ಸಸಿಗೂ ಮೂರು ಕಾವಲಿರುವ ಸಸಿಗೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು! 2008ರಲ್ಲಿ ಈ ಸುಧಾರಿತ ಸಾಂಬಾ ಮಸೂರಿ ಬಿಡುಗಡೆಯಾಯಿತು. ಅದೇ ಸಣ್ಣ ಕಾಳು, ಅದೇ ರುಚಿ. ಇದು ಸಂಕರಣದಿಂದ ಬಂದದ್ದು, ಕುಲಾಂತರಿ ಬೆಳೆಯಲ್ಲ.

ಆದರೆ ಇದು ಸಕಲ ರೋಗಕ್ಕೂ ಸಂಜೀವಿನಿಯಲ್ಲ. ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಈ ಕಾವಲುಗಾರರು ಏನೂ ಮಾಡಲಾರರು. ಯಾವ ತಳಿಯೇ ಇರಲಿ, ಯೂರಿಯಾ ಅತಿಯಾಗಬಾರದು. ನಾಟಿಯ ವೇಳೆ ಸಸಿಯ ತುದಿ ಕತ್ತರಿಸಬಾರದು, ಆ ಗಾಯವೇ ರೋಗಕ್ಕೆ ಹೆಬ್ಬಾಗಿಲು.

ನೀವು ಮಾಡಬಹುದಾದ ಕೆಲಸವೂ ಒಂದಿದೆ. ರೋಗದ ಎಲೆಯಲ್ಲಿ ಒಣ ಭಾಗವೂ ಹಸಿರು ಭಾಗವೂ ಕೂಡುವ ಕಡೆ ಒಂದು ತುಂಡು ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಟ್ಟು ಬೆಳಕಿಗೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಅಂಚಿನಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುವಿನ ಕೆಲಸ. ಔಷಧಿಯ ಅಂಗಡಿಗೆ ಹೊರಟ ಹಿರಿಯರಿಗೆ ಮೊದಲು ಆ ಲೋಟವನ್ನು ತೋರಿಸಿ. ಮುಂದಿನ ಹಂಗಾಮಿಗೆ ಯಾವ ಬೀಜ ಎಂಬ ಮಾತು ಅಲ್ಲಿಂದಲೇ ಆರಂಭವಾಗಲಿ.