ಹಿಮ ಮೊದಲು, ಮಹಾನಗರ ಆಮೇಲೆ



ಚಳಿಗಾಲದಲ್ಲಿ ಮನೆಮಂದಿಯೆಲ್ಲ ಸೇರಿ ದೆಹಲಿ ನೋಡಬೇಕು, ಅಲ್ಲಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಹಿಮದ ಮೇಲೆ ಸ್ಕೀಯಿಂಗ್ ಮಾಡಬೇಕು ಎಂಬ ಆಸೆ ನಿಮ್ಮಲ್ಲಿ ಹಲವರಿಗೆ ಇರಬಹುದು. ಇಂದು ಈ ಆಸೆ ಮಧ್ಯಮ ವರ್ಗದ ಮನೆಗೂ ಎಟುಕುತ್ತದೆ. ಹಾಗೆಂದು ಅಗ್ಗವೇನೂ ಅಲ್ಲ. ಎಷ್ಟೋ ತಿಂಗಳ ಉಳಿತಾಯ ಹತ್ತೇ ದಿನಗಳಲ್ಲಿ ಖರ್ಚಾಗಿಬಿಡುತ್ತದೆ. ಅಷ್ಟು ಹಣ ತೆತ್ತು ಹೋದವರು ವಿಮಾನ ನಿಲ್ದಾಣದಲ್ಲಿ ಒಂದು ದಿನ, ಟ್ಯಾಕ್ಸಿಯಲ್ಲಿ ಎರಡು ದಿನ ಕಳೆದು, ಅರ್ಧ ಗಂಟೆ ಹಿಮದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮರಳುವುದೂ ಉಂಟು. ಹಾಗಾಗದಂತೆ ಪ್ರವಾಸವನ್ನು ಹೇಗೆ ಯೋಜಿಸಬೇಕು? ಈ ಭಾಷಣದ ವಿಷಯ ಅದೇ. ನಿಮ್ಮ ಮನೆಯಲ್ಲಿ ಯೋಜನೆಯ ಹೊಣೆಯನ್ನು ನೀವೇ ಹೊರಬಹುದು ಎಂಬ ನಂಬಿಕೆಯಿಂದ ಇದನ್ನು ನಿಮಗೆ ಹೇಳುತ್ತಿದ್ದೇನೆ.

ಮೊದಲು ಒಂದು ಮಾತಿನ ಗೊಂದಲ ಬಗೆಹರಿಸಿಕೊಳ್ಳೋಣ. ಬೆಳಗಿನ ಜಾವ ಕಣ್ಣಿಗೆ ಕವಿಯುವುದನ್ನೂ ಮಂಜು ಎನ್ನುತ್ತೇವೆ, ಬೆಟ್ಟದ ಮೇಲೆ ಬೀಳುವ ಬಿಳಿಯ ಹಳಕುಗಳನ್ನೂ ಮಂಜು ಎನ್ನುತ್ತೇವೆ. ಈ ಪ್ರವಾಸದಲ್ಲಿ ಮೊದಲನೆಯದು ನಮ್ಮ ವೈರಿ, ಎರಡನೆಯದು ನಮ್ಮ ಮಿತ್ರ. ಆದ್ದರಿಂದ ಇಲ್ಲಿ ಕವಿಯುವುದನ್ನು ಮಂಜು ಎಂದೂ ಬೀಳುವುದನ್ನು ಹಿಮ ಎಂದೂ ಕರೆಯುತ್ತೇನೆ.

ದೆಹಲಿಯ ಮಂಜು ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅತಿ ದಟ್ಟವಾಗಿರುತ್ತದೆ. ರಾತ್ರಿ ನೆಲ ಬೇಗನೆ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಅದರೊಳಗಿನ ನೀರಾವಿ ಹನಿಗಟ್ಟುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕುಳಿತಿರುವುದರಿಂದ ಮಂಜೂ ಹೊಗೆಯೂ ಕೆಳಗೇ ಉಳಿಯುತ್ತವೆ. 200 ಮೀಟರ್ ಆಚೆಗಿನದು ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ದಟ್ಟ ಮಂಜು ಎನ್ನುತ್ತದೆ. 50 ಮೀಟರ್ ಕೂಡ ಕಾಣದಿದ್ದರೆ ಅತಿ ದಟ್ಟ. ಅಂಥ ಬೆಳಗುಗಳಲ್ಲಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ವಿಮಾನಗಳು ರದ್ದಾಗುತ್ತವೆ. ಬಿಸಿಲೇರಿದಂತೆ ಸಾಮಾನ್ಯವಾಗಿ ಮಂಜು ಕರಗುತ್ತದೆ. ಆದ್ದರಿಂದ ದೆಹಲಿಯಿಂದ ಶ್ರೀನಗರಕ್ಕೆ ಹೊರಡುವ ವಿಮಾನ ಬೆಳಗಿನ ಆರರದ್ದಾಗಿರುವುದಕ್ಕಿಂತ ಮಧ್ಯಾಹ್ನದ್ದಾಗಿರುವುದು ಲೇಸು.

ಇನ್ನು ಹಿಮ. ಕಾಶ್ಮೀರಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸಾಗಿಬರುವ ವಾಯುಭಾರ ಕುಸಿತಗಳು. ಪವನಶಾಸ್ತ್ರಜ್ಞರು ಇವನ್ನು ಪಶ್ಚಿಮದ ಕ್ಷೋಭೆಗಳು ಎನ್ನುತ್ತಾರೆ. ಇವು ನಮ್ಮ ಮುಂಗಾರಿನಷ್ಟೂ ವಾಯಿದೆ ಪಾಲಿಸುವುದಿಲ್ಲ. ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ‘ಚಿಲ್ಲೈ ಕಲಾನ್’ ಎಂದು ಕರೆಯುತ್ತಾರೆ. ಹೆಚ್ಚು ಹಿಮ ಬೀಳಬೇಕಾದ ಕಾಲ ಅದು. ಆದರೂ 2024ರ ಜನವರಿಯ ಬಹುಪಾಲು ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಹುಲ್ಲಿನಿಂದಲೇ ಕಾಣುತ್ತಿದ್ದವು. ಹಿಮ ಬಂದದ್ದು ತಿಂಗಳ ಕೊನೆಗೆ. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ‘ಖೇಲೋ ಇಂಡಿಯಾ’ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು. ಸರ್ಕಾರದ ಕ್ರೀಡಾಕೂಟಕ್ಕೇ ಕಾಯದ ಹಿಮ ನಮ್ಮ ಟಿಕೆಟ್ಟಿಗೆ ಕಾಯುತ್ತದೆಯೆ?

ಇಲ್ಲಿಯೇ ಯೋಜನೆಯ ಮೊದಲ ಪಾಠವಿದೆ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಬದಲಾಗದ ಸಂಗತಿಗಳನ್ನು ಬರೆಯಿರಿ: ಪರೀಕ್ಷೆಯ ದಿನ, ಅಪ್ಪ ಅಮ್ಮನ ರಜೆ, ಕೈಯಲ್ಲಿರುವ ಹಣ. ಎರಡನೆಯದರಲ್ಲಿ ನಮ್ಮ ಹತೋಟಿಯಲ್ಲಿ ಇಲ್ಲದವು: ಹಿಮ, ಮಂಜು, ಬೆಟ್ಟದ ರಸ್ತೆ. ಮೂರನೆಯದರಲ್ಲಿ, ಅವು ಕೈಕೊಟ್ಟರೆ ನಾವು ಮಾಡುವುದೇನು ಎಂಬುದು. ಸಾಮಾನ್ಯವಾಗಿ ಪ್ರವಾಸದ ಪಟ್ಟಿಗಳಲ್ಲಿ ನೋಡುವ ಸ್ಥಳಗಳ ಹೆಸರು ಮಾತ್ರ ಇರುತ್ತವೆ. ಈ ಮೂರನೆಯ ಕಾಲಂ ಇರುವುದಿಲ್ಲ.

ನಾನು ಕೆಲಸ ಮಾಡುವ ಕ್ಷೇತ್ರದಲ್ಲಿ ಇದಕ್ಕೊಂದು ಹಳೆಯ ರೂಢಿ ಇದೆ. ಹೊರಾಂಗಣ ಚಿತ್ರೀಕರಣವನ್ನು ಮೊದಲ ದಿನಗಳಿಗೇ ಇಟ್ಟುಕೊಳ್ಳುತ್ತೇವೆ. ಒಳಾಂಗಣದ ದೃಶ್ಯಗಳನ್ನು ಕೊನೆಗೆ ಉಳಿಸಿಕೊಳ್ಳುತ್ತೇವೆ. ಮಳೆ ಬಂದರೆ ಹೊರಗಿನ ಕೆಲಸ ಒಂದು ದಿನ ಹಿಂದಕ್ಕೆ ಸರಿಯುತ್ತದೆ, ಒಳಗಿನ ಕೆಲಸ ಆ ಜಾಗ ತುಂಬುತ್ತದೆ. ಒಟ್ಟು ದಿನಗಳು ಕೆಡುವುದಿಲ್ಲ. ನಮ್ಮ ಪ್ರವಾಸದಲ್ಲಿ ಗುಲ್ಮಾರ್ಗ್ ಹೊರಾಂಗಣ, ದೆಹಲಿ ಒಳಾಂಗಣ. ದೆಹಲಿಯ ವಸ್ತುಸಂಗ್ರಹಾಲಯಗಳು ಯಾವ ಹವೆಯಲ್ಲೂ ಅಲ್ಲಿಯೇ ಇರುತ್ತವೆ. ಆದ್ದರಿಂದ ಹಿಮ ಮೊದಲು, ಮಹಾನಗರ ಆಮೇಲೆ. ಬೆಟ್ಟದಲ್ಲಿ ಒಂದು ದಿನ ಸಿಕ್ಕಿಬಿದ್ದರೂ ದೆಹಲಿಯ ಒಂದು ದಿನ ಕಡಿಮೆಯಾದೀತೇ ಹೊರತು ಊರಿಗೆ ಮರಳುವ ರೈಲು ತಪ್ಪುವುದಿಲ್ಲ. ಇದನ್ನೇ ತಿರುವುಮುರುವು ಮಾಡಿ, ದೆಹಲಿ ಮುಗಿಸಿ ಕೊನೆಗೆ ಗುಲ್ಮಾರ್ಗ್‌ಗೆ ಹೋದರೆ, ಒಂದು ರಾತ್ರಿಯ ಹಿಮಪಾತ ಮುಂದಿನ ಎಲ್ಲ ಟಿಕೆಟ್ಟುಗಳನ್ನೂ ಕೆಡಿಸುತ್ತದೆ.

ಯಾವಾಗ ಹೋಗಬೇಕು? ಕ್ರಿಸ್ಮಸ್ ರಜೆ ಕಣ್ಣೆದುರಿಗೇ ಇದೆ. ಆದರೆ ಆಗ ದೆಹಲಿಯಲ್ಲಿ ಮಂಜು ಹೆಚ್ಚು, ಗುಲ್ಮಾರ್ಗ್‌ನಲ್ಲಿ ಹಿಮ ತೆಳುವಾಗಿರುವ ಸಂಭವವುಂಟು, ಕೊಠಡಿ ಬಾಡಿಗೆಯೂ ದುಬಾರಿ. ಗಣರಾಜ್ಯೋತ್ಸವದ ವಾರದಲ್ಲಿ ದೆಹಲಿಯ ರಸ್ತೆಗಳು ಮುಚ್ಚಿರುತ್ತವೆ. ದಿನದ ಕೆಲವು ಗಂಟೆ ವಿಮಾನ ಸಂಚಾರವನ್ನೂ ನಿಲ್ಲಿಸುವ ವಾಡಿಕೆಯಿದೆ. ಜನವರಿ 27ರ ನಂತರ ಹೊರಟರೆ ಹಿಮ ಶೇಖರವಾಗಿರುವ ಸಂಭವ ಹೆಚ್ಚು, ಮಂಜು ಕಡಿಮೆ. ಆದರೆ ಆಗ ಶಾಲೆ ಕಾಲೇಜುಗಳಿಗೆ ರಜೆ ಇಲ್ಲ. ಏಳೆಂಟು ದಿನದ ಪಾಠ ತಪ್ಪುತ್ತದೆ. ಇಲ್ಲಿ ಎರಡನ್ನೂ ತೂಗಿ ನೋಡಲೇಬೇಕು. ಮನೆಯಲ್ಲಿ ಯಾರಾದರೂ ಆ ವರ್ಷ ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ. ಪರೀಕ್ಷೆಗೆ ಕೂಡುವವರಿದ್ದರೆ ನನ್ನ ಸಲಹೆ ಸ್ಪಷ್ಟ: ಒಂದು ವರ್ಷ ಕಾಯಿರಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಉಳಿದವರು ಅಧ್ಯಾಪಕರಿಗೆ ಮೊದಲೇ ತಿಳಿಸಿ, ತಪ್ಪುವ ಪಾಠಗಳ ಪಟ್ಟಿ ಪಡೆದು, ಗೆಳೆಯರ ಟಿಪ್ಪಣಿಗೆ ಏರ್ಪಾಟು ಮಾಡಿಕೊಂಡು ಹೊರಡಬಹುದು.

ಈಗ ಹತ್ತು ದಿನಗಳ ಲೆಕ್ಕ ಹಾಕೋಣ. ಮೊದಲ ದಿನ ಬೆಂಗಳೂರಿನಿಂದ ದೆಹಲಿ. ಎರಡನೆಯ ದಿನ ಮಧ್ಯಾಹ್ನ ಶ್ರೀನಗರ. ಮೂರನೆಯ ದಿನ ಬೆಳಿಗ್ಗೆ ಗುಲ್ಮಾರ್ಗ್. ಅಲ್ಲಿ ಮೂರು, ನಾಲ್ಕು, ಐದು, ಆರನೆಯ ದಿನಗಳು. ಏಳನೆಯ ದಿನ ಕೆಳಗಿಳಿದು ಶ್ರೀನಗರ. ಎಂಟನೆಯ ದಿನ ದೆಹಲಿ. ಒಂಬತ್ತನೆಯ ದಿನ ಪೂರ್ತಿ ದೆಹಲಿಗೆ. ಹತ್ತನೆಯ ದಿನ ಮರುಪ್ರಯಾಣ. ಇದು ಎರಡೂ ಕಡೆ ವಿಮಾನವಾದರೆ. ರೈಲಾದರೆ ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿ.ಮೀ.; ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆಯಬೇಕು. ಹಣ ಉಳಿಯುತ್ತದೆ, ದಿನಗಳು ಹೆಚ್ಚುತ್ತವೆ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ ಎಂಬುದನ್ನು ನೆನಪಿಡಿ. 2025ರ ಜೂನ್‌ನಲ್ಲಿ ಕಟ್ರಾ–ಶ್ರೀನಗರ ರೈಲುಮಾರ್ಗವೂ ತೆರೆಯಿತು. ದೆಹಲಿಯಿಂದ ರಾತ್ರಿ ರೈಲಿನಲ್ಲಿ ಕಟ್ರಾ ತಲುಪಿ, ಅಲ್ಲಿಂದ ಸುಮಾರು ಮೂರು ಗಂಟೆಯಲ್ಲಿ, 359 ಮೀಟರ್ ಎತ್ತರದ ಚೆನಾಬ್ ಸೇತುವೆ ದಾಟಿ, ಶ್ರೀನಗರ ಸೇರಬಹುದು. ಜಮ್ಮು–ಶ್ರೀನಗರ ಹೆದ್ದಾರಿ ಹಿಮದಿಂದ ಮುಚ್ಚಿದಾಗ ಇದು ಒಳ್ಳೆಯ ಆಸರೆ.

‘ಗುಲ್ಮಾರ್ಗ್‌ಗೆ ನಾಲ್ಕು ದಿನ ಬೇಕೆ? ಅದರಲ್ಲಿ ಆಗ್ರಾ, ಜೈಪುರ ಎರಡನ್ನೂ ನೋಡಬಹುದಲ್ಲ?’ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಭೌತಶಾಸ್ತ್ರದಲ್ಲಿದೆ. 55 ಕಿಲೋ ತೂಕದ ನೀವು ಹಿಮದ ಮೇಲೆ ನಿಂತರೆ ಎರಡು ಪಾದಗಳ ಸುಮಾರು 400 ಚದರ ಸೆಂಟಿಮೀಟರ್ ಜಾಗ ನಿಮ್ಮ ಭಾರ ಹೊರುತ್ತದೆ, ಕಾಲು ಹೂತುಹೋಗುತ್ತದೆ. ಎರಡು ಸ್ಕೀ ಹಲಗೆಗಳ ಅಡಿ ಸುಮಾರು 2,500 ಚದರ ಸೆಂಟಿಮೀಟರ್ ಇರುತ್ತದೆ. ಒತ್ತಡ ಆರರಲ್ಲೊಂದು ಪಾಲಿಗೆ ಇಳಿಯುತ್ತದೆ, ನೀವು ತೇಲುತ್ತೀರಿ. ಒತ್ತಡದಿಂದ ಹಿಮ ಕರಗಿ ಹಲಗೆ ಜಾರುತ್ತದೆ ಎಂದು ಕೆಲವು ಪುಸ್ತಕಗಳು ಹೇಳುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ವಾತಾವರಣ ಒತ್ತಡಕ್ಕೆ ಹಿಮದ ಕರಗುವ ಬಿಂದು ಇಳಿಯುವುದು ಸುಮಾರು 0.0074 ಡಿಗ್ರಿ ಮಾತ್ರ. ಹಲಗೆಯ ಒತ್ತಡ ಅದರ ಐವತ್ತರಲ್ಲೊಂದು ಪಾಲು. ಇಷ್ಟರಿಂದ ಹಿಮ ಕರಗುವುದಿಲ್ಲ. ಹಲಗೆ ಉಜ್ಜುವಾಗ ಹುಟ್ಟುವ ಶಾಖ ಹಿಮದ ಮೇಲ್ಮೈಯನ್ನು ತೆಳುವಾಗಿ ಕರಗಿಸುತ್ತದೆ. ಜಾರಲು ಮುಖ್ಯವಾಗಿ ನೆರವಾಗುವುದು ಆ ನೀರಿನ ಪೊರೆ.

ಜಾರುವುದು ಹೀಗೆ ಸುಲಭವಾದ್ದರಿಂದಲೇ ನಿಲ್ಲುವುದನ್ನು ಕಲಿಯಬೇಕು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳಅಂಚಿನಿಂದ ಹಿಮವನ್ನು ಒತ್ತಿ ನಿಲ್ಲುವ ಭಂಗಿ ಹೊಸಬರ ಮೊದಲ ಪಾಠ. ಅದು ದೇಹಕ್ಕೆ ರೂಢಿಯಾಗಲು ಎರಡು ಮೂರು ದಿನ ಬೇಕು. ಮೊದಲ ದಿನ ಬೀಳುತ್ತೀರಿ, ಎರಡನೆಯ ದಿನ ಮೈ ನೋಯುತ್ತದೆ, ಮೂರನೆಯ ದಿನ ಸುಖ ಸಿಗುತ್ತದೆ. ಒಂದೇ ದಿನದ ಪ್ರವಾಸಕ್ಕೆ ಬಂದವರು ಆ ಮೂರನೆಯ ದಿನವನ್ನು ಕಾಣುವುದೇ ಇಲ್ಲ. ಆಗ್ರಾವನ್ನು ಬಿಟ್ಟುಕೊಡಬೇಕಾದದ್ದು ಇದಕ್ಕಾಗಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಕಾಲೇಜು ವಿದ್ಯಾರ್ಥಿಗಳು ಅದರ ತರಬೇತಿ ಶಿಬಿರಗಳ ಬಗ್ಗೆಯೂ ವಿಚಾರಿಸಬಹುದು.

ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿ.ಮೀ. ಕೊನೆಯ 13 ಕಿ.ಮೀ., ಅಂದರೆ ತಂಗ್‌ಮಾರ್ಗ್‌ನಿಂದ ಮೇಲಕ್ಕೆ, ಏರುದಾರಿ. ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗೆ ಬದಲಾಯಿಸಿಕೊಳ್ಳಬೇಕಾದೀತು. ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ ಎಂಬ ತೂಗುಗಾಡಿ ಎರಡು ಹಂತಗಳಲ್ಲಿ ಏರುತ್ತದೆ. ಮೊದಲ ಹಂತ ಕೊಂಗ್‌ಡೂರಿಯವರೆಗೆ, ಸುಮಾರು 3,080 ಮೀಟರ್. ಎರಡನೆಯದು ಅಫರ್ವತ್ ಬೆಟ್ಟದ ಮೇಲೆ, ಸುಮಾರು 3,950 ಮೀಟರ್. ಗಾಳಿ ಜೋರಾದರೆ ಎರಡನೆಯ ಹಂತ ನಿಲ್ಲುತ್ತದೆ. ಹೊಸಬರಿಗೆ ಊರಿನ ಬಳಿಯ ತಗ್ಗು ಇಳಿಜಾರೇ ಸಾಕು. ಅಫರ್ವತ್‌ನ ಗುರುತು ಮಾಡದ ಇಳಿಜಾರುಗಳು ನುರಿತವರಿಗೂ ಅಪಾಯಕಾರಿ. 2023ರ ಫೆಬ್ರವರಿ 1ರಂದು ಅಲ್ಲಿ ಹಿಮಪ್ರವಾಹಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಹಿಮಪ್ರವಾಹದ ಎಚ್ಚರಿಕೆ ಹೊರಬಿದ್ದ ದಿನ ಯಾರು ಎಷ್ಟು ಒತ್ತಾಯಿಸಿದರೂ ಮೇಲೆ ಹೋಗಬೇಡಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ನಡೆದ ದಾಳಿಯ ನಂತರ ಭದ್ರತೆಯ ಸೂಚನೆಗಳನ್ನು ಹೊರಡುವ ಮುನ್ನ ಓದುವುದೂ ಅಷ್ಟೇ ಅಗತ್ಯ. ಅಪ್ಪ ಅಮ್ಮನ ಜೊತೆ ಕುಳಿತು ಓದಿ, ಹೋಗಬೇಕೇ ಬೇಡವೇ ಎಂಬುದನ್ನು ಅವರ ನಿರ್ಧಾರಕ್ಕೆ ಬಿಡಿ.

ಎತ್ತರವೆಂದರೆ ಮನೆಯ ಹಿರಿಯರ ನೆನಪಾಗಬೇಕು. ಕಿಲೋಮೀಟರ್ ಏರಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗುಲ್ಮಾರ್ಗ್‌ನಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮುಕ್ಕಾಲಿಗಿಂತ ತುಸು ಕಡಿಮೆ. ಅಫರ್ವತ್‌ನಲ್ಲಿ ಮೂರರಲ್ಲಿ ಎರಡು ಪಾಲೂ ಇಲ್ಲ. ರಕ್ತದೊತ್ತಡ, ಹೃದಯ, ಉಬ್ಬಸದ ತೊಂದರೆ ಇರುವ ಅಜ್ಜಿ ತಾತ ವೈದ್ಯರನ್ನು ಕೇಳದೆ ಹೊರಡಬಾರದು. ಉಬ್ಬಸವಿದ್ದವರಿಗೆ ದೆಹಲಿಯ ಚಳಿಗಾಲದ ಗಾಳಿಯೂ ಒಳ್ಳೆಯದಲ್ಲ. ವೈದ್ಯರು ಬೇಡವೆಂದರೆ ಅಜ್ಜಿಯನ್ನು ಒಬ್ಬರೇ ಮನೆಯಲ್ಲಿ ಬಿಟ್ಟು ಹೋಗುವ ಯೋಜನೆ ಒಳ್ಳೆಯ ಯೋಜನೆಯಲ್ಲ. ಅವರು ಶ್ರೀನಗರದಲ್ಲೇ ಒಬ್ಬರ ಜೊತೆ ಉಳಿಯಬಹುದೇ, ದೆಹಲಿಯ ಬಂಧುಗಳ ಮನೆಯಲ್ಲಿ ಇರಬಹುದೇ, ಅಥವಾ ಊರಿನಲ್ಲೇ ಅತ್ತೆಯ ಮನೆಯಲ್ಲಿ ಇರಲು ಅವರಿಗೆ ಇಷ್ಟವೇ ಎಂದು ಅವರನ್ನೇ ಕೇಳಬೇಕು.

ಬಟ್ಟೆಯ ಮಾತು ಚುಟುಕಾಗಿ. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಪದರಗಳ ನಡುವೆ ಸಿಕ್ಕ ಗಾಳಿ. ಒಳಗೆ ಬೆವರು ಹೀರಿ ಒಣಗುವ ಉಡುಪು, ನಡುವೆ ಉಣ್ಣೆ, ಮೇಲೆ ಗಾಳಿ ನೀರು ತಡೆಯುವ ಕೋಟು. ಜೀನ್ಸ್ ಬೇಡ, ಒದ್ದೆಯಾದ ಹತ್ತಿ ಮೈಯ ಶಾಖ ಕದಿಯುತ್ತದೆ. ಹಿಮ ಅತಿನೇರಳೆ ಕಿರಣಗಳ ಶೇ. 80ರವರೆಗೆ ಪ್ರತಿಫಲಿಸುವುದರಿಂದ ತಂಪು ಕನ್ನಡಕ ಕಡ್ಡಾಯ. ಕೋಟು, ಬೂಟು, ಸ್ಕೀ ಹಲಗೆ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಕೈಗವಸು, ಕಾಲುಚೀಲ, ಕನ್ನಡಕ ಮಾತ್ರ ಸ್ವಂತದ್ದಿರಲಿ. ಸ್ಲೆಜ್ ಎಳೆಯುವವರೊಡನೆ, ಗಾಡಿಯವರೊಡನೆ ದರವನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಚಳಿಯಲ್ಲಿ ದುಡಿಯುವ ಅವರಿಗೆ ನ್ಯಾಯವಾದದ್ದನ್ನು ಕೊಡಿ.

ಹಿಮವೇ ಬೀಳದಿದ್ದರೆ? ಮೂರನೆಯ ಕಾಲಂ ನೋಡಿ. ಗುಲ್ಮಾರ್ಗ್‌ನ ಒಂದು ದಿನ ಕಡಿಮೆ ಮಾಡಿ ಶ್ರೀನಗರಕ್ಕೆ ಕೊಡಿ. ದಾಲ್ ಸರೋವರವಿದೆ, ದೇವದಾರು ಕಂಬಗಳ ಸಾಲುಗಳಿರುವ ಜಾಮಿಯಾ ಮಸೀದಿಯಿದೆ, ಶ್ರೀ ಪ್ರತಾಪ್ ಸಿಂಗ್ ವಸ್ತುಸಂಗ್ರಹಾಲಯವಿದೆ.

ಕೊನೆಗೆ ದೆಹಲಿ. ಒಂದೂವರೆ ದಿನದಲ್ಲಿ ಎಲ್ಲವನ್ನೂ ನೋಡಲಾಗದು, ಮೂರನ್ನು ಆರಿಸಿಕೊಳ್ಳಿ. ವಿಜ್ಞಾನದ ವಿದ್ಯಾರ್ಥಿಗಳಿಗೆ ನನ್ನ ಆಯ್ಕೆ ಇವು. ರಾಜಾ ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ ಜಂತರ್ ಮಂತರ್‌ನಲ್ಲಿ ನೆರಳು ಸರಿಯುವುದನ್ನು ಕಣ್ಣಾರೆ ನೋಡಿ. ಕುತುಬ್ ಆವರಣದ ಕಬ್ಬಿಣದ ಸ್ತಂಭ ಸುಮಾರು 1,600 ವರ್ಷಗಳಿಂದ ಏಕೆ ಹೆಚ್ಚು ತುಕ್ಕು ಹಿಡಿದಿಲ್ಲ ಎಂದು ಯೋಚಿಸಿ. ಅದರಲ್ಲಿರುವ ರಂಜಕ ಒಂದು ರಕ್ಷಣೆಯ ಪೊರೆ ಕಟ್ಟಲು ಕಾರಣವಾಗಿದೆ. ತಮ್ಮ ತಂಗಿಯರಿದ್ದರೆ ಚಾಣಕ್ಯಪುರಿಯ ರೈಲು ವಸ್ತುಸಂಗ್ರಹಾಲಯ. ಅದೂ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಸೋಮವಾರ ಮುಚ್ಚಿರುತ್ತವೆ. ನಿಮ್ಮ ಒಂಬತ್ತನೆಯ ದಿನ ಸೋಮವಾರವಾಗದಂತೆ ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಿ. ಓಡಾಟಕ್ಕೆ ಮೆಟ್ರೋ ಇದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಒಂದು ದಿನ ಮಂಜು ಕವಿಯಬಹುದು, ಒಂದು ದಿನ ಗೊಂಡೋಲಾ ನಿಲ್ಲಬಹುದು. ಆಗ ಅಪ್ಪ ಹೋಟೆಲಿನವರ ಮೇಲೆ, ಅಮ್ಮ ಅಪ್ಪನ ಮೇಲೆ ಸಿಡುಕದೆ, ‘ಈ ದಿನ ಏನು ಮಾಡಬೇಕೆಂದು ಬರೆದುಕೊಂಡಿದ್ದೇವೆ’ ಎಂದು ನೀವು ಹಾಳೆ ತೆಗೆದು ತೋರಿಸುವಂತಿರಬೇಕು. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಆ ಮೂರು ಕಾಲಂಗಳ ಹಾಳೆಯನ್ನು ಎಲ್ಲರ ಮುಂದಿಡಿ. ಅಜ್ಜಿಯಿಂದಲೇ ಶುರುಮಾಡಿ.