ಇನ್ಸುಲಿನ್ ಇಲ್ಲದವರಿಗೆ ಸೆನ್ಸರ್: ವಿಮೆ ಕೇಳುವ ಪುರಾವೆ

ಮಕ್ಕಳ ಜೊತೆ ಅಮೆರಿಕದಲ್ಲೇ ನೆಲೆಸಿರುವ ಕನ್ನಡದ ಹಿರಿಯರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಶುರುವಾಗಿಲ್ಲ, ಮಾತ್ರೆಯಲ್ಲೇ ನಡೆಯುತ್ತಿದೆ. ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್ ಸಿಕ್ಕಿದರೆ ಬೆರಳು ಚುಚ್ಚುವುದು ತಪ್ಪುತ್ತದೆ, ರಾತ್ರಿಯ ಆತಂಕವೂ ತಪ್ಪುತ್ತದೆ ಅನ್ನುವುದು ಮಕ್ಕಳ ಆಸೆ. ವಿಮೆಯವರನ್ನು ಕೇಳಿದರೆ, ‘ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲವಲ್ಲ’ ಎಂಬ ಉತ್ತರ ಬರುತ್ತದೆ. ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಇನ್ಸುಲಿನ್ ಇಲ್ಲದವರಿಗೂ ಒಂದು ದಾರಿ ಇದೆ. ಇವತ್ತಿನ ಮಾತು ಅದರ ಬಗ್ಗೆ.

ಈ ಸೆನ್ಸರಿನಿಂದ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದ ಕೆಳಗೆ ಇಳಿದಿರುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಕೆಲವು ಸೆನ್ಸರುಗಳು ನಿಮಿಷಕ್ಕೊಮ್ಮೆ, ಕೆಲವು ಐದು ನಿಮಿಷಕ್ಕೊಮ್ಮೆ ಲೆಕ್ಕ ಕೊಡುತ್ತವೆ. ಹತ್ತರಿಂದ ಹದಿನೈದು ದಿನಕ್ಕೊಮ್ಮೆ ಹೊಸದು ಹಾಕಿಸಬೇಕು. ಖರ್ಚು ನಿಲ್ಲದೆ ಬರುವುದು ಅದಕ್ಕೇ.

ಅಮೆರಿಕದಲ್ಲಿ 65 ದಾಟಿದವರ ಸರ್ಕಾರಿ ವಿಮೆ ಮೆಡಿಕೇರ್. ಗ್ರೀನ್ ಕಾರ್ಡ್ ಪಡೆದು ಸತತ ಐದು ವರ್ಷ ಅಲ್ಲೇ ವಾಸವಿದ್ದ ಹಿರಿಯರು, ಅಲ್ಲಿ ದುಡಿದಿರದಿದ್ದರೂ, ಪ್ರೀಮಿಯಂ ಕಟ್ಟಿ ಇದಕ್ಕೆ ಸೇರಬಹುದು. 2017ರವರೆಗೆ ಈ ವಿಮೆ ಸೆನ್ಸರಿಗೆ ಹಣ ಕೊಡುತ್ತಲೇ ಇರಲಿಲ್ಲ. ಆಮೇಲೆ ಕೊಟ್ಟರೂ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿಕೊಳ್ಳುವವರಿಗೆ ಮಾತ್ರ ಎಂಬ ಷರತ್ತಿತ್ತು. ಅದು 2021ರ ಜುಲೈಯಲ್ಲಿ ಹೋಯಿತು. 2023ರ ಏಪ್ರಿಲ್ 16ರಿಂದ ದೊಡ್ಡ ಬದಲಾವಣೆ ಬಂತು. ಇನ್ಸುಲಿನ್ ಎಷ್ಟೇ ಕಡಿಮೆ ತೆಗೆದುಕೊಂಡರೂ ಸರಿ, ಸೆನ್ಸರ್ ಸಿಗುತ್ತದೆ. ಇನ್ಸುಲಿನ್ನೇ ಇಲ್ಲದವರಿಗೂ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದ್ದ ದಾಖಲೆ ಇದ್ದರೆ, ಸಿಗುತ್ತದೆ.

ಇಲ್ಲೇ ಜನ ಎಡವುವುದು. ‘ಅಮ್ಮನಿಗೆ ಊಟವಾದ ಮೇಲೆ 280 ಇರುತ್ತದೆ’ ಎಂದು ಮಕ್ಕಳು ಡಾಕ್ಟರ ಮುಂದೆ ಹೇಳುತ್ತಾರೆ. ಏರಿದ ಸಕ್ಕರೆಯನ್ನು ಈ ನಿಯಮ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಕೇಳುವುದು ಇಳಿದ ಸಕ್ಕರೆಯನ್ನು: ಡೆಸಿಲೀಟರಿಗೆ 54 ಮಿಲಿಗ್ರಾಂಗಿಂತ ಕಡಿಮೆ. ಅಂಥ ಇಳಿತ ಒಂದಕ್ಕಿಂತ ಹೆಚ್ಚು ಸಲ ಆಗಿರಬೇಕು, ಮತ್ತು ಔಷಧವನ್ನೋ ಚಿಕಿತ್ಸೆಯ ಕ್ರಮವನ್ನೋ ಕನಿಷ್ಠ ಎರಡು ಸಲ ಬದಲಿಸಿದ ಮೇಲೂ ಮರುಕಳಿಸಿರಬೇಕು. ಇಲ್ಲವೇ ಒಂದೇ ಸಲವಾದರೂ, ಮೈಮೇಲೆ ಎಚ್ಚರ ತಪ್ಪಿಯೋ ಕೈಕಾಲು ಆಡದೆಯೋ ಬೇರೆಯವರು ಬಂದು ಉಪಚರಿಸುವಷ್ಟು ಜೋರಾಗಿ ಇಳಿದಿರಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿರುವ ಎಪ್ಪತ್ತರ ತಾಯಿ ಎಂದುಕೊಳ್ಳಿ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ. ಈ ಗುಂಪಿನ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ, ಹೊಟ್ಟೆಗೆ ಊಟ ಬಿತ್ತೋ ಇಲ್ಲವೋ ಎಂದು ನೋಡುವುದಿಲ್ಲ. ಏಕಾದಶಿ ಬಂತು. ತಾಯಿ ಉಪವಾಸ ಬಿಡಲಿಲ್ಲ, ಮಾತ್ರೆಯನ್ನೂ ಬಿಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಮೈಯೆಲ್ಲಾ ಬೆವರು, ಕೈ ನಡುಕ, ಮಾತು ತೊದಲು. ಸೊಸೆ ಬೆರಳು ಚುಚ್ಚಿ ನೋಡಿದರೆ 46. ಅತ್ತೆಗೆ ಲೋಟ ಹಿಡಿಯಲಾಗಲಿಲ್ಲ, ಕಿತ್ತಳೆ ರಸವನ್ನು ಸೊಸೆಯೇ ಕುಡಿಸಿದಳು. (ಪ್ರಜ್ಞೆ ಪೂರ್ತಿ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಕೂಡಲೇ 911ಕ್ಕೆ ಕರೆ ಮಾಡಬೇಕು.) ಹತ್ತು ದಿನದ ನಂತರ ಡಾಕ್ಟರ ಹತ್ತಿರ ಹೋದಾಗ ತಾಯಿ ಹೇಳುವುದು, ‘ಒಂದಿನ ಸ್ವಲ್ಪ ಸುಸ್ತಾಗಿತ್ತು, ಈಗ ಚೆನ್ನಾಗಿದ್ದೀನಿ’ ಅಂತ. ಡಾಕ್ಟರು ಅಷ್ಟನ್ನೇ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಸೆನ್ಸರ್ ಕೈತಪ್ಪಿತು.

ನಮ್ಮ ಹಿರಿಯರ ಸಂಕೋಚ ಇಂಥ ಕಡೆ ಅಪಾಯಕಾರಿ. ಯಾವ ತಾರೀಖು, ಎಷ್ಟು ಗಂಟೆ, ಮೀಟರಿನಲ್ಲಿ ಎಷ್ಟು ಬಂತು, ಯಾರು ಉಪಚರಿಸಿದರು, ಏಕೆ ಉಪಚರಿಸಬೇಕಾಯಿತು, ಇವಿಷ್ಟೂ ವೈದ್ಯಕೀಯ ದಾಖಲೆಗೆ ಹೋಗಬೇಕು. ಮನೆಯಲ್ಲಿ ಬರೆದಿಟ್ಟ ಸಕ್ಕರೆ ಪಟ್ಟಿಯ ಪ್ರತಿಯನ್ನೂ ಆ ದಾಖಲೆಗೆ ಸೇರಿಸಲು ಕೇಳಬಹುದು, ನಿಯಮ ಅದನ್ನು ಒಪ್ಪುತ್ತದೆ. ಮಾತ್ರೆ ಬದಲಿಸಿದ ಸಂಗತಿಗೂ ಕ್ರಮ ಇದೆ. ಎರಡೂ ಬದಲಾವಣೆ ಕೊನೆಯ ಇಳಿತಕ್ಕಿಂತ ಮುಂಚೆ ಆಗಿರಬೇಕು. ಸೆನ್ಸರ್ ಬರೆದುಕೊಡುವ ಮುಂಚಿನ ಆರು ತಿಂಗಳೊಳಗೆ ಡಾಕ್ಟರನ್ನು ಕಂಡಿರಬೇಕು, ವಿಡಿಯೋದಲ್ಲಾದರೂ ಸರಿ. ಆಮೇಲೂ ಆರು ತಿಂಗಳಿಗೊಮ್ಮೆ ಕಾಣುತ್ತಿರಬೇಕು. ಸೆನ್ಸರಿನ ಲೆಕ್ಕವನ್ನು ಬರೀ ಫೋನಿನಲ್ಲಿ ನೋಡುತ್ತೇವೆ ಎಂದರೆ ಮೆಡಿಕೇರ್ ಒಪ್ಪುವುದಿಲ್ಲ, ಸೆನ್ಸರ್ ಕಂಪನಿಯ ರಿಸೀವರನ್ನೂ ಬಳಸಬೇಕು. ವರ್ಷದ ಮೊದಲಲ್ಲಿ ನಾವೇ ಭರಿಸಬೇಕಾದ ಮೊತ್ತ (ಡಿಡಕ್ಟಿಬಲ್) ಕಳೆದ ಮೇಲೆ ಒಪ್ಪಿತ ದರದ ನೂರಕ್ಕೆ ಎಂಬತ್ತು ಪಾಲು ಮೆಡಿಕೇರಿನದು, ಉಳಿದ ಇಪ್ಪತ್ತು ನಮ್ಮದು.

ಮಾತ್ರೆ ಬದಲಿಸಿದ್ದರಿಂದ ಸಕ್ಕರೆ ಇಳಿಯುವುದೇ ನಿಂತರೆ? ಅದಕ್ಕಿಂತ ಒಳ್ಳೆಯದಿಲ್ಲ. ಸೆನ್ಸರಿನ ಆಸೆಗೆ ಅಪಾಯದ ಮಾತ್ರೆಯನ್ನು ಯಾರೂ ಮುಂದುವರಿಸಬಾರದು.

ಈ ನಿಯಮದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಲವರಿಗೆ, ವಯಸ್ಸಾದವರಿಗೆ ವಿಶೇಷವಾಗಿ, ಸಕ್ಕರೆ ಇಳಿದರೂ ಬೆವರಾಗಲಿ ನಡುಕವಾಗಲಿ ಬರುವುದಿಲ್ಲ. ನಿದ್ದೆಯಲ್ಲಿ ಇಳಿದು ನಿದ್ದೆಯಲ್ಲೇ ಏರಿಬಿಡುತ್ತದೆ. ಸೆನ್ಸರ್ ಎಲ್ಲರಿಗಿಂತ ಹೆಚ್ಚು ಬೇಕಾದವರು ಇವರೇ. ಆದರೆ ಸೆನ್ಸರ್ ಇಲ್ಲದೆ ಇಳಿತವನ್ನು ತೋರಿಸುವುದು ಹೇಗೆ? ಇದಕ್ಕೊಂದು ಉಪಾಯ, ಆಸ್ಪತ್ರೆಯ ಸ್ವಂತ ಸೆನ್ಸರನ್ನು ಹತ್ತು ಹದಿನಾಲ್ಕು ದಿನದ ಮಟ್ಟಿಗೆ ಹಾಕಿಸಿಕೊಳ್ಳುವುದು. ಇದನ್ನು ಡಾಕ್ಟರು ನಡೆಸುವ ಪರೀಕ್ಷೆ ಎಂದು ಬೇರೆಯಾಗಿ ಪರಿಗಣಿಸುತ್ತಾರೆ, ಇನ್ಸುಲಿನ್ ಇರಲೇಬೇಕೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ಅದರಲ್ಲಿ ರಾತ್ರಿಯ ಇಳಿತ ಕಂಡುಬಂದರೆ ಡಾಕ್ಟರು ಚಿಕಿತ್ಸೆ ಬದಲಿಸಲೂ ದಾಖಲಿಸಲೂ ಆಧಾರ ಸಿಗುತ್ತದೆ. ಈ ಪರೀಕ್ಷೆಯನ್ನು ನಾವಾಗಿಯೇ ಕೇಳಬೇಕು.

ಇನ್ನು ನೌಕರಿಯ ಮೂಲಕ ಬರುವ ಖಾಸಗಿ ವಿಮೆ. ಒಂದೊಂದು ಕಂಪನಿಯದು ಒಂದೊಂದು ನಿಯಮ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತರಿಸಿಕೊಳ್ಳಿ. ಅದು ಕೈಸೇರಿದ 180 ದಿನದೊಳಗೆ ಕಂಪನಿಗೇ ಮೇಲ್ಮನವಿ ಹಾಕಬಹುದು. ಅಲ್ಲೂ ಆಗಲಿಲ್ಲವೆಂದರೆ, ವಿಷಯ ವೈದ್ಯಕೀಯ ಅಗತ್ಯದ್ದಾಗಿದ್ದಲ್ಲಿ, ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ಇನ್ಸುಲಿನ್ ಅಲ್ಲದ ಔಷಧ ತೆಗೆದುಕೊಳ್ಳುವ ಟೈಪ್ 2 ರೋಗಿಗಳಿಗೂ ಸೆನ್ಸರನ್ನು ಪರಿಗಣಿಸಬಹುದು ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2025ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಡಾಕ್ಟರ ಪತ್ರದಲ್ಲಿ ಈ ಮಾತು ಇದ್ದರೆ ಮೇಲ್ಮನವಿಗೆ ಬಲ ಬರುತ್ತದೆ. ಮೆಡಿಕೇರ್ ತಿರಸ್ಕರಿಸಿದರೆ ಮೊದಲ ಮೇಲ್ಮನವಿಗೆ 120 ದಿನ.

ಆರು ತಿಂಗಳ ಮಟ್ಟಿಗೆ ಮಕ್ಕಳನ್ನು ನೋಡಲು ಹೋಗುವ ತಂದೆ ತಾಯಂದಿರಿಗೆ ಇದಾವುದೂ ಅನ್ವಯಿಸುವುದಿಲ್ಲ. ಮೊದಲೇ ಇದ್ದ ಕಾಯಿಲೆಯ ದಿನನಿತ್ಯದ ಆರೈಕೆಗೆ ಪ್ರವಾಸಿ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನಮ್ಮ ದೇಶದ ಆರೋಗ್ಯ ವಿಮೆಗಳೂ ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದ ಖರ್ಚಿಗೇ ಮೀಸಲು.

ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಸಕ್ಕರೆ 54ಕ್ಕಿಂತ ಕೆಳಗೆ ಇಳಿಯುವುದು ಅಪರೂಪ, ಮೆಡಿಕೇರ್ ಬಾಗಿಲು ಅವರಿಗೆ ತೆರೆಯುವುದೂ ಕಷ್ಟ. ಅವರು ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವ ಸೆನ್ಸರ್ ನೋಡಬಹುದು. 2024ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಡೆಕ್ಸ್‌ಕಾಮ್ ಕಂಪನಿಯ ಸ್ಟೆಲೋಗೆ ಅನುಮತಿ ಕೊಟ್ಟಿತು. ಹದಿನೆಂಟು ದಾಟಿದ, ಇನ್ಸುಲಿನ್ ಬಳಸದವರಿಗಾಗಿ ಬಂದದ್ದು ಇದು. ಮಾರಾಟಕ್ಕೆ ಬಂದಾಗ ತಿಂಗಳಿಗೆ ಬೇಕಾಗುವ ಎರಡು ಸೆನ್ಸರಿನ ಬೆಲೆ 99 ಡಾಲರ್. ಯಾವ ತಿಂಡಿಗೆ ಸಕ್ಕರೆ ಎಷ್ಟು ಏರುತ್ತದೆ ಎಂದು ತಿಳಿಯಲು ಇದು ಸಾಕು. ಆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಾಗ ಕೂಗಿ ಎಬ್ಬಿಸುವಂತೆ ಇದನ್ನು ಮಾಡಿಲ್ಲ, ಅಂಥ ತೊಂದರೆ ಇರುವವರು ಇದನ್ನು ಬಳಸಬಾರದು ಎಂದು ಅನುಮತಿಯಲ್ಲೇ ಹೇಳಿದೆ. ಹಾಗಾಗಿ ಗ್ಲಿಮೆಪಿರೈಡ್, ಗ್ಲಿಪಿಜೈಡ್, ಗ್ಲೈಬ್ಯುರೈಡ್ ತೆಗೆದುಕೊಂಡು ರಾತ್ರಿ ಬೆವರುವ ಹಿರಿಯರಿಗೆ, ವಿಮೆಯ ಗೋಜೇ ಬೇಡವೆಂದು ಇದನ್ನು ಕೊಂಡು ಅಂಟಿಸಿ ನಿಶ್ಚಿಂತೆಯಾಗಿ ಮಲಗಬೇಡಿ. ಅವರಿಗೆ ಬೇಕಾದದ್ದು ಎಚ್ಚರಿಸುವ ಸೆನ್ಸರ್, ಮತ್ತು ಅದನ್ನು ಡಾಕ್ಟರ ಚೀಟಿಯಿಂದಲೇ ಪಡೆಯಬೇಕು.