ನಡುವೆ ಬಂದು ಸೇರಿದವರು

ತಂಡವೊಂದು ಅರ್ಧ ಹಾದಿ ಸವೆಸಿದ ಮೇಲೆ ಬಂದು ಸೇರುವ ಆಟಗಾರನಿಗೆ ಸಿಗುವ ಸ್ವಾಗತದಲ್ಲಿ ನಂಬಿಕೆಯೂ ಅನುಮಾನವೂ ಬೆರೆತಿರುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಕಿತ್ತು ಬಯಲಾದ ಹೊಲದ ಟೆನಿಸ್ ಬಾಲ್ ಪಂದ್ಯಾವಳಿಗೆ, ಹಬ್ಬಕ್ಕೆಂದು ಊರಿಗೆ ಬಂದ ಯುವಕನೊಬ್ಬ ನಡುವೆ ಸೇರಿ, ಮೊದಲ ಚೆಂಡನ್ನೇ ಜಾಲಿಮುಳ್ಳಿನೊಳಗೆ ಅಟ್ಟಿದರೆ, ಅಲ್ಲಿಯವರೆಗೆ ಬೆವರು ಸುರಿಸಿದವರ ಚಪ್ಪಾಳೆಯಲ್ಲಿ ಕೊಂಚ ಮುನಿಸೂ ಇರುವುದು ಸಹಜ.

ಇದರ ದೊಡ್ಡ ರೂಪವನ್ನು ಕನ್ನಡನಾಡು 2011ರಲ್ಲಿ ಕಂಡಿತು. ಆ ವರ್ಷದ ಐಪಿಎಲ್ ಹರಾಜಿನಲ್ಲಿ ಯಾರೂ ಕೊಳ್ಳದ ವೆಸ್ಟ್ ಇಂಡೀಸ್‌ನ ಕ್ರಿಸ್ ಗೇಲ್, ವೇಗದ ಬೌಲರ್ ಡರ್ಕ್ ನ್ಯಾನೆಸ್ ಗಾಯಗೊಂಡದ್ದರಿಂದ ಬದಲಿ ಆಟಗಾರರಾಗಿ, ಅಂದರೆ ತೆರವಾದ ಸ್ಥಾನಕ್ಕೆ ಋತುವಿನ ನಡುವೆ ಕರೆಸಿಕೊಂಡವರಾಗಿ, ಬೆಂಗಳೂರು ತಂಡ ಸೇರಿದರು. ಏಪ್ರಿಲ್ 22ರಂದು ಕೋಲ್ಕತ್ತದಲ್ಲಿ, ಅದೂ ತಮ್ಮ ಹಳೆಯ ತಂಡದ ಎದುರಿಗೇ, ಔಟಾಗದೆ 102 ರನ್ ಹೊಡೆದರು. 12 ಪಂದ್ಯಗಳಲ್ಲಿ 608 ರನ್ ಗಳಿಸಿ, ಅತಿ ಹೆಚ್ಚು ರನ್ ಮಾಡಿದವರಿಗೆ ಸಲ್ಲುವ ಕಿತ್ತಳೆ ಟೋಪಿಯನ್ನೂ ಪಡೆದರು.

ಆ ಅಬ್ಬರದಲ್ಲಿ ಮರೆಯಾದ ಸಂಗತಿಯೆಂದರೆ, ಬಾಗಿಲು ತೆರೆದದ್ದು ಇನ್ನೊಬ್ಬರ ನೋವಿನಿಂದ. ಗೆಲುವನ್ನು ಸಂಭ್ರಮಿಸುವವರು ನ್ಯಾನೆಸ್ ಹೆಸರನ್ನು ನೆನೆಯುವುದು ಅಪರೂಪ, ಪಾಪ. ಮೇ 28ರ ಫೈನಲ್‌ನಲ್ಲಿ ಚೆನ್ನೈನ ಅಶ್ವಿನ್ ಮೊದಲ ಓವರಿನಲ್ಲೇ ಗೇಲ್ ಅವರನ್ನು ಸೊನ್ನೆಗೆ ಕಳಿಸಿದಾಗ, ಬೆಂಗಳೂರಿನ ಪರ ಎಲ್ಲರಿಗಿಂತ ಹೆಚ್ಚು, ಔಟಾಗದೆ 42 ರನ್ ಮಾಡಿದವರು ಋತುವಿನ ಆರಂಭದಿಂದಲೂ ತಂಡದಲ್ಲಿದ್ದ ಸೌರಭ್ ತಿವಾರಿ. ಪಂದ್ಯವನ್ನು ತಂಡ 58 ರನ್‌ಗಳಿಂದ ಸೋತಿತು.